ಚಿನ್ನಮ್ಮನ ಹೆಸರಿದ್ದ ತಟ್ಟೆಗಳು

ಬೀದಿ ನಲ್ಲಿಯಲ್ಲಿ ನೀರು ಬರುವುದು ಕತ್ತಲಿರುವಾಗಲೇ. ಹಾಗಾಗಿ ಎಲ್ಲಕ್ಕೂ ಮೊದಲು ಕೊಡಗಳನ್ನು ಸಾಲಿಗಿಟ್ಟು ಬರಬೇಕು. ಸಾಲು ಮುಂದೆ ಸರಿಯುವಷ್ಟರಲ್ಲಿ ಬಾಗಿಲಿಗೆ ಸಗಣಿ ನೀರು ಹಾಕಿ, ಗುಡಿಸಿ, ಎರಡೆಳೆ ರಂಗೋಲಿ ಬಿಡಬೇಕು. ಒಲೆಯ ಬೂದಿ ಬಾಚಿ ಎಸರಿಡಬೇಕು. ಎಸರು ಮರಳುವುದರೊಳಗೆ ಕೊಟ್ಟಿಗೆ ಗುಡಿಸಿ, ಹಸುವಿನ ಕೆಚ್ಚಲು ತೊಳೆದು, ಹಾಲು ಕರೆದು, ಡೇರಿಗೆ ಹೋಗುವ ಕ್ಯಾನಿಗೆ ಸುರಿಯಬೇಕು. ಮತ್ತೆ ನಲ್ಲಿಗೆ ಓಡಿ ಕೊಡ ಹೊತ್ತು ತರಬೇಕು. ಆಮೇಲೆ ಸೋಪು ಮುಟ್ಟದೆ ಬರಿಯ ನೀರಿನಲ್ಲಿ ಕೈಕಾಲು ತೊಳೆದು ಹುಳದ ಮನೆಯ ಬಾಗಿಲು ತೆಗೆಯಬೇಕು. ರೇಷ್ಮೆ ಹುಳಕ್ಕೆ ಯಾವ ವಾಸನೆಯೂ ಆಗಿಬರುವುದಿಲ್ಲ. ಅಟ್ಟಣೆಯಿಂದ ಒಂದೊಂದೇ ಬಿದಿರು ತಟ್ಟೆ ಇಳಿಸಿ, ಹಿಕ್ಕೆ ತೆಗೆದು, ಸೊಪ್ಪು ಹರಡಿ, ತಿರುಗಿ ಮೇಲೇರಿಸಬೇಕು. ಮುದ್ದೆ ತಿರುವಬೇಕು, ಸಾರಿಗೆ ಒಗ್ಗರಣೆ ಕೊಡಬೇಕು, ಅತ್ತೆಗೆ ಬಿಸಿನೀರು ಕಾಯಿಸಬೇಕು, ಮಗಳಿಗೆ ಜಡೆ ಹೆಣೆಯಬೇಕು.

ಇಷ್ಟೆಲ್ಲ ಮುಗಿದಾಗಲೂ ಸಾವನದುರ್ಗದ ಬೆಟ್ಟದ ನೆತ್ತಿಗೆ ಬೆಳಕು ಬಿದ್ದಿರುತ್ತಿರಲಿಲ್ಲ. ಇದನ್ನು ಆ ಮನೆಯಲ್ಲಿ ಯಾರೂ ಕೆಲಸ ಅನ್ನುತ್ತಿರಲಿಲ್ಲ. ಕೇಳಿದವರಿಗೆ ಚಿನ್ನಮ್ಮನ ಗಂಡ ಅನಂತರಾಜು, ‘ಬೆಳಗ್ಗೆದ್ದು ಒಸಿ ಅದೂ ಇದೂ ನೋಡ್ಕತಾಳೆ’ ಎನ್ನುತ್ತಿದ್ದ. ಆ ‘ಅದೂ ಇದೂ’ ಮುಗಿಸಿ, ಬುತ್ತಿ ಕಟ್ಟಿಕೊಂಡು, ಅವಳು ಊರ ಮುಂದಿನ ರಸ್ತೆಗೆ ಓಡಿಹೋಗಿ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಿದ್ದಳು.

ಎರಡು ಸಾವಿರದ ಐದನೆಯ ಇಸವಿಯ ಆಸುಪಾಸು. ಮೈಸೂರು ರಸ್ತೆಯ ಎರಡೂ ಮಗ್ಗುಲಲ್ಲಿ ರಾಗಿ ಹೊಲಗಳು ಹೋಗಿ ಕಾಂಪೌಂಡುಗಳು ಎದ್ದಿದ್ದವು. ಮಾಗಡಿ ಕಡೆಯ ಹಳ್ಳಿಗಳಿಗೆಲ್ಲ ಬೆಳಗಾಗುವ ಮುಂಚೆ ವ್ಯಾನುಗಳು ಬಂದು, ಹೆಂಗಸರನ್ನು ಹಸಿ ತರಕಾರಿಯ ಹಾಗೆ ಒತ್ತಿ ತುಂಬಿಕೊಂಡು ಹೋಗುತ್ತಿದ್ದವು. ಚಿನ್ನಮ್ಮ ಹೋಗುತ್ತಿದ್ದ ಕಾರ್ಖಾನೆಯಲ್ಲಿ ಅಂಗಿ ಹೊಲಿಯುತ್ತಿದ್ದರು. ಅವಳದು ಚೆಕಿಂಗ್ ಟೇಬಲ್. ಹೊಲಿದು ಬಂದ ಅಂಗಿಯನ್ನು ದೀಪದ ಕೆಳಗೆ ಹರಡಿ, ತಪ್ಪಿದ ಹೊಲಿಗೆ, ಎಣ್ಣೆಯ ಕಲೆ, ಓರೆಯಾದ ಗುಂಡಿ ಕಂಡಲ್ಲಿ ಬಾಣದ ಗುರುತಿನ ಪುಟ್ಟ ಸ್ಟಿಕ್ಕರ್ ಅಂಟಿಸುವುದು.

ಅಲ್ಲಿ ಟ್ಯಾಗ್ ಇಲ್ಲದ ವಸ್ತುವೇ ಇರಲಿಲ್ಲ. ಕತ್ತರಿಸಿದ ಬಟ್ಟೆಯ ಕಟ್ಟುಕಟ್ಟಿಗೂ ಒಂದೊಂದು ಚೀಟಿ ನೇತಾಡುತ್ತಿತ್ತು: ಯಾವ ಸೈಜು, ಯಾವ ಬಣ್ಣ, ಯಾವ ದೇಶಕ್ಕೆ. ಕಟ್ಟು ಕೈಯಿಂದ ಕೈಗೆ ದಾಟಿದಂತೆ ಕಾಲರ್ ಹೊಲಿದವಳ ನಂಬರು, ತೋಳು ಕೂಡಿಸಿದವಳ ನಂಬರು, ಗುಂಡಿ ಹಾಕಿದವಳ ನಂಬರು ಅದರ ಮೇಲೆ ಬೀಳುತ್ತಿತ್ತು. ಅಂಗಿ ಎಲ್ಲಿಗೆ ಹೋಗಲಿ, ಅದಕ್ಕೆ ಕೈ ಹಚ್ಚಿದವಳು ಯಾರೆಂದು ಆ ಚೀಟಿ ಹೇಳುತ್ತಿತ್ತು.

ಒಂದು ದಿನ ಸೂಪರ್‌ವೈಸರ್ ಯೋಗಾನಂದ ಒಂದು ಅಂಗಿಯನ್ನು ಸತ್ತ ಹೆಗ್ಗಣದಂತೆ ಎರಡು ಬೆರಳಲ್ಲಿ ಹಿಡಿದು ಬಂದ. “ಯಾರ್ದು ಈ ನಂಬರು? ಏಳಿ ಮೇಲೆ!” ಕಾಲರಿನ ಮೇಲೆ ಎಣ್ಣೆ ಕಲೆಯಿತ್ತು. ನಂಬರು ಫಿರೋಜಾಳದು. ರಾಮನಗರದ ಹುಡುಗಿ, ಚಿನ್ನಮ್ಮನ ಎದುರಿನ ಮೆಷಿನ್ನಿನವಳು. ಇಡೀ ಸಾಲಿಗೆ ಕಾಣುವಂತೆ ಆ ಅಂಗಿ ಹಿಡಿದು ಅವಳು ಊಟದ ಗಂಟೆ ಹೊಡೆಯುವವರೆಗೂ ನಿಲ್ಲಬೇಕಾಯಿತು.

ಊಟಕ್ಕೆ ಕೂತಾಗ ಚಿನ್ನಮ್ಮ ಕೇಳಿದಳು. “ಎಣ್ಣೆ ಸೋರೋದು ಮೆಷಿನ್ನು. ರಿಪೇರಿ ಮಾಡ್ಸಿ ಅಂತ ನೀನು ಎಷ್ಟು ದಿನದಿಂದ ಬಡ್ಕೊತಿಲ್ಲ?”

“ಮೆಷಿನ್ನಿಗೆ ನಂಬರಿಲ್ಲವಲ್ಲ ಅಕ್ಕ, ನನಗೈತೆ,” ಎಂದು ಫಿರೋಜಾ ನಕ್ಕಳು. “ಒಂದು ಬಾಣದ ಸ್ಟಿಕ್ಕರ್ ಕೊಡು. ಯೋಗಾನಂದ ಸಾರ್ ಹಣೆಗೆ ಅಂಟಿಸ್ತೀನಿ. ಅವರನ್ನ ವಾಪಸ್ ಕಳಿಸಲಿ, ರಿಪೇರಿಗೆ.”

“ನಿನ್ನ ಬಾಯಿಗೆ ಬೀಗ ಇಲ್ಲ ಕಣೆ.”

“ನಗಬೇಡ ಅಕ್ಕ. ಇಷ್ಟು ವರ್ಷ ಒಳ್ಳೇ ಕಾಲರ್ ಹೊಲಿದೆನಲ್ಲ, ಆಗ ಒಬ್ಬರಾದ್ರೂ ಟ್ಯಾಗ್ ತಿರುಗಿಸಿ ಇದು ಯಾರ ಕೈ ಅಂತ ಕೇಳಿದ್ರಾ?”

ಚಿನ್ನಮ್ಮ ಯೋಚಿಸಿದಳು. ಬಾಣದ ಸ್ಟಿಕ್ಕರು ಒಂದೇ ಜಾತಿಯದು. ‘ಇಲ್ಲಿ ತಪ್ಪಿದೆ’ ಎನ್ನುವುದು. ‘ಇಲ್ಲಿ ಚೆನ್ನಾಗಿದೆ’ ಎನ್ನುವ ಸ್ಟಿಕ್ಕರನ್ನು ಯಾರೂ ಅಚ್ಚು ಹಾಕಿಸಿರಲಿಲ್ಲ. ಆದರೂ ಅವಳಿಗೆ ಹೊಟ್ಟೆಕಿಚ್ಚಾದದ್ದು ಬೇರೆ ಕಾರಣಕ್ಕೆ. “ನಿನಗೆ ನಂಬರಾದ್ರೂ ಐತೆ ಕಣೆ,” ಎಂದಳು. “ನಮ್ಮನೇಲಿ ಮುದ್ದೆ ತಾನಾಗೇ ಬೇಯುತ್ತೆ, ನೀರು ತಾನಾಗೇ ಕೊಡಕ್ಕೆ ಬಂದು ಕೂರುತ್ತೆ.”

ಹೀಗೆ ಹೇಳಲು ಕಾರಣವಿತ್ತು. ಹಿಂದಿನ ಸಂಜೆಯಷ್ಟೇ ಅನಂತರಾಜು ಊಟದ ತಟ್ಟೆಯ ಮುಂದೆ ಕೂತು ಮಾತು ತೆಗೆದಿದ್ದ. “ನೀನು ಗಾರ್ಮೆಂಟ್ಸ್‌ಗೆ ಹೋಗೋಕೆ ಶುರು ಮಾಡಿದಾಗಿಂದ ಮನೆ ಮನೆಯಾಗಿಲ್ಲ. ಎಲ್ಲಾ ನಮ್ಮವ್ವನ ಮೇಲೆ ಬಿದ್ದೈತೆ. ಭಾನುವಾರ ಅಣ್ಣ ಬತ್ತಾನೆ. ಬಿಡಬೇಕಾ ಬೇಡವಾ ಅವತ್ತೇ ತೀರ್ಮಾನ.”

ಅಣ್ಣನೆಂದರೆ ದೇವರಾಜು. ಮಾಗಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡು, ತಮ್ಮನ ಮನೆಯ ಎಲ್ಲ ತೀರ್ಮಾನಗಳನ್ನು ಸ್ಕೂಟರಿನಲ್ಲಿ ಬಂದು ಮಾಡಿ ಹೋಗುವವನು. ಚಿನ್ನಮ್ಮನಿಗೆ ಆ ಕೆಲಸ ಬೇಕಾಗಿತ್ತು. ಸಂಬಳ ಒಂದೇ ಅಲ್ಲ. ಅಲ್ಲಿ ಬೆಳಿಗ್ಗೆ ಒಳಗೆ ಹೋಗುವಾಗ ಅವಳ ಹೆಸರು ಕರೆಯುತ್ತಿದ್ದರು, ಅವಳು ‘ಇದ್ದೀನಿ’ ಎನ್ನುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ಅವಳ ಹೆಸರನ್ನು ಬೈಗುಳವಿಲ್ಲದೆ ದಿನವೂ ಕರೆಯುವ ಜಾಗ ಅದೊಂದೇ.

ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಆದ್ದರಿಂದ ಅವಳು ಬೇರೆ ಉಪಾಯ ಹೂಡಿದಳು. ಆರ್ಡರು ಮುಗಿದಾಗ ಉಳಿದ, ದಾರ ಪೋಣಿಸಿದ ರಟ್ಟಿನ ಟ್ಯಾಗುಗಳು ಕಸದ ಮೂಟೆಗೆ ಹೋಗುತ್ತಿದ್ದವು. ಒಂದು ಕಡೆ ಅಚ್ಚು, ಇನ್ನೊಂದು ಕಡೆ ಖಾಲಿ. ಒಂದಷ್ಟನ್ನು ಚೀಲಕ್ಕೆ ತುಂಬಿಕೊಂಡಳು. ಗೇಟಿನಲ್ಲಿ ಮೈ ತಡವಿ ನೋಡುವ ಹೆಂಗಸು ಚೀಲ ಬಿಚ್ಚಿಸಿ, “ಕಸ ಹೊತ್ಕೊಂಡು ಹೋಗ್ತೀಯಲ್ಲೇ ತಾಯಿ” ಎಂದು ನಕ್ಕು ಬಿಟ್ಟಳು.

ಫಿರೋಜಾ ನಗಲಿಲ್ಲ. ವಿಷಯ ಕೇಳಿ, “ಅಕ್ಕ, ಹುಷಾರು. ಕಟ್ಟೋಳು ನೀನು, ಓದೋರು ಅವರು,” ಎಂದಳು.

ಮಂಗಳವಾರ ಸಂಜೆ ಚಿನ್ನಮ್ಮ ಮಗಳನ್ನು ಕೂರಿಸಿಕೊಂಡಳು. ಸೌಮ್ಯ ಏಳನೇ ತರಗತಿ, ಅಕ್ಷರ ದುಂಡಗೆ. ಕಟ್ಟಳೆ ಒಂದೇ: ವಸ್ತು ಯಾರದೆಂದು ಬರೆಯಕೂಡದು, ಅದಕ್ಕೆ ಯಾರು ದುಡಿದರೆಂದು ಬರೆಯಬೇಕು. ಕೊಡಕ್ಕೆ ‘ಹೊತ್ತು ತಂದದ್ದು ಚಿನ್ನಮ್ಮ’. ಮಡಚಿಟ್ಟ ಪಂಚೆಗೆ ‘ಒಗೆದದ್ದು ಚಿನ್ನಮ್ಮ’. ರಾಗಿ ಡಬ್ಬಕ್ಕೆ ‘ಕೇರಿದ್ದು ಅಜ್ಜಿ, ಮಿಲ್ಲಿಗೆ ಹೊತ್ತದ್ದು ಅವ್ವ’.

“ಅಪ್ಪ ಮಾಡಿದ್ದಕ್ಕೆ ಏನಂತ ಬರೀಲಿ?” ಸೌಮ್ಯ ಕೇಳಿದಳು.

ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ಬೆಳೆದವಳು ಚಿನ್ನಮ್ಮ. “ಸೌಮ್ಯನ ಅಪ್ಪ ಅಂತ ಬರಿ,” ಎಂದಳು. ಸೌಮ್ಯ ಟ್ಯಾಗು ಹಿಡಿದು ಮನೆಯೆಲ್ಲ ಸುತ್ತಿದಳು. ಹೊಲದ ಗುದ್ದಲಿಗೆ ಒಂದು ಕಟ್ಟಿದಳು. ಸೊಪ್ಪು ತರುವ ಸೈಕಲ್ಲಿಗೆ ಒಂದು. ಆಮೇಲೆ ಎಲ್ಲಿ ಕಟ್ಟುವುದೋ ತಿಳಿಯದೆ ನಿಂತಳು.

ಬುಧವಾರ ಬೆಳಿಗ್ಗೆ ಅನಂತರಾಜು ಎದ್ದು ನೋಡಿದರೆ ಮನೆ ಜಾತ್ರೆಯ ಅಂಗಡಿಯಂತಿತ್ತು. ಹಲ್ಲುಜ್ಜಲು ಹೋದರೆ ಬಚ್ಚಲ ಹಂಡೆಯಲ್ಲೊಂದು ರಟ್ಟು. ಅಂಗಿ ತೆಗೆದರೆ ಗುಂಡಿಯಲ್ಲೊಂದು ರಟ್ಟು.

“ಏನ್ಲೇ ಇದು? ಹುಚ್ಚು ಹಿಡೀತಾ?”

“ಕಂಪನೀಲಿ ಹಿಂಗೇ,” ಎಂದಳು ಚಿನ್ನಮ್ಮ ಬುತ್ತಿ ಮುಚ್ಚುತ್ತ. “ಭಾನುವಾರ ಭಾವ ಬಂದು ಯಾರ ಮೇಲೆ ಎಷ್ಟು ಬಿದ್ದೈತೆ ಅಂತ ನೋಡಬೇಕಲ್ಲ. ನೋಡಲಿ.”

ಅವಳು ಕೆಲಸಕ್ಕೆ ಹೋದ ಮೇಲೆ ಅನಂತರಾಜುವಿಗೂ ಛಲ ಬಂತು. ಉಳಿದ ರಟ್ಟುಗಳನ್ನು ಹುಡುಕಿ ಅವನೂ ಕಟ್ಟಿದ. ಟಿವಿಗೆ ‘ಅನಂತರಾಜು’. ಮಂಚಕ್ಕೆ ‘ಅನಂತರಾಜು’. ಬೀರುವಿಗೆ, ಗಡಿಯಾರಕ್ಕೆ, ಹಸುವಿಗೆ ‘ಅನಂತರಾಜು’. ಸಂಜೆ ಬಂದು ನೋಡಿದ ಚಿನ್ನಮ್ಮನಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಅವಳು ಬರೆದದ್ದು ಯಾರು ದುಡಿದದ್ದೆಂದು. ಅವನು ಬರೆದದ್ದು ಯಾರಿಗೆ ಸೇರಿದ್ದೆಂದು. ಎರಡೂ ನಿಜ, ಆದರೆ ಊರಿನಲ್ಲಿ ನಡೆಯುವುದು ಎರಡನೆಯ ಜಾತಿಯ ಟ್ಯಾಗು ಮಾತ್ರ. ಪಹಣಿಯಲ್ಲಿ, ರೇಷನ್ ಕಾರ್ಡಿನಲ್ಲಿ, ರೇಷ್ಮೆ ಗೂಡಿನ ಮಾರ್ಕೆಟ್ಟಿನ ಚೀಟಿಯಲ್ಲಿ, ಎಲ್ಲ ಕಡೆ ಅದೇ.

ಅತ್ತೆ ದೊಡ್ಡಲಕ್ಷ್ಮಮ್ಮ ಎರಡು ದಿನ ಮೂತಿ ತಿರುವಿಕೊಂಡೇ ಇದ್ದಳು. ಆಮೇಲೆ ಗುರುವಾರ ಮಧ್ಯಾಹ್ನ ತನ್ನ ಹಳೆಯ ಕೆಂಪು ಸೀರೆಯ ಸೆರಗು ಹರಿದು, ಪಟ್ಟಿ ಪಟ್ಟಿ ಮಾಡಿ, ಮನೆಯೆಲ್ಲ ಓಡಾಡಿ ಕಟ್ಟಿದಳು. ಓದು ಬಾರದವಳಿಗೆ ಬಣ್ಣವೇ ಅಕ್ಷರ. ಹುಣಿಸೆಹಣ್ಣಿನ ಮಡಕೆಗೆ, ಹಪ್ಪಳದ ಡಬ್ಬಕ್ಕೆ, ಕೊನೆಗೆ ಹಸುವಿನ ಕೊರಳಿಗೆ.

“ಇದ್ಯಾಕೆ ಅತ್ತೆ, ಹಸು ಕೆಲಸ ಎಲ್ಲಾ ನಂದಲ್ವಾ?” ಎಂದು ಸಂಜೆ ಬಂದ ಚಿನ್ನಮ್ಮ ಕೇಳಿದಳು.

“ನೀನು ವ್ಯಾನು ಅತ್ತಿದ್ ಮೇಲೆ ಹುಲ್ಲು ಆಕೋರು ಯಾರಮ್ಮಿ? ನಿಮ್ಮಪ್ಪ ಬಂದು ಆಕ್ತಾನಾ?” ದೊಡ್ಡಲಕ್ಷ್ಮಮ್ಮ ಸೊಂಟದ ಮೇಲೆ ಕೈಯಿಟ್ಟಳು. “ನೀನೊಬ್ಳೇ ಗೇಯ್ತೀಯ ಅಂತ ಬರ್ಸಿದ್ರೆ ಆಗೋಯ್ತಾ? ಈ ಮನೇಗೆ ಮೈ ತೇದು ತೇದು ನಾನು ಗಂಧದ ಕೊರಡಾಗಿವ್ನಿ. ನಂಗೂ ಒಂದು ಇರ್ಲಿ.”

ಮುದುಕಿ ಹೇಳಿದ್ದು ದಿಟ. ಹಸುವಿನ ಕೊರಳಿನಲ್ಲಿ ಈಗ ಮೂರು ಗುರುತು: ಒಡೆಯನದು, ಕರೆದವಳದು, ಹುಲ್ಲು ಹಾಕಿದವಳದು. ಸೌಮ್ಯ ಅದಕ್ಕೆ ನಾಲ್ಕನೆಯದನ್ನೂ ಸೇರಿಸಿದಳು: ‘ಹಾಯುತ್ತೆ, ಹುಷಾರ್’. ಹಸುವಿನ ವಿಚಾರದಲ್ಲಿ ಅದನ್ನು ಒಪ್ಪದವರು ಯಾರೂ ಇರಲಿಲ್ಲ. ಹಸು ಮಾತ್ರ ಯಾರಿಗೂ ಪಕ್ಷಪಾತ ಮಾಡದೆ, ರಟ್ಟು ಸಿಕ್ಕಿದ ಕಡೆಯೆಲ್ಲ ನಾಲಿಗೆ ಚಾಚಿ, ಒಡೆಯನ ಹೆಸರನ್ನೇ ಮೊದಲು ತಿಂದಿತು.

ಇಷ್ಟಾಗಿದ್ದರೆ ನಕ್ಕು ಮುಗಿಯುತ್ತಿತ್ತು. ಆದರೆ ಚಿನ್ನಮ್ಮ ಮೊದಲ ಸಂಜೆಯೇ ಹುಳದ ಮನೆಗೂ ಟ್ಯಾಗು ಕಟ್ಟಿದ್ದಳು.

ಊರಿನಲ್ಲಿ ಯಾರನ್ನು ಕೇಳಿದರೂ ‘ಅನಂತರಾಜು ಹುಳ ಮೇಯಿಸ್ತಾನೆ’ ಎನ್ನುತ್ತಿದ್ದರು. ಅನಂತರಾಜು ತೋಟದಲ್ಲಿ ಸೊಪ್ಪು ಕೊಯ್ದು ತಂದು ಹಾಕುತ್ತಿದ್ದ, ಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಒಯ್ಯುತ್ತಿದ್ದ. ನಡುವಿನದೆಲ್ಲ, ಮೊಟ್ಟೆ ಒಡೆದ ದಿನದಿಂದ ಗೂಡು ಬಿಡಿಸುವವರೆಗೆ ದಿನಕ್ಕೆ ನಾಲ್ಕು ಹೊತ್ತು ಮೇವು, ಹಿಕ್ಕೆ ತೆಗೆಯುವುದು, ಸುಣ್ಣ ಎರಚುವುದು, ಇರುವೆ ಹಲ್ಲಿ ಕಾಯುವುದು, ಹೆಂಗಸರದು. ಬೆಳಿಗ್ಗೆ ಸಂಜೆ ಚಿನ್ನಮ್ಮ, ನಡು ಹೊತ್ತು ಅತ್ತೆ. ಅಟ್ಟಣೆಯ ಮೇಲಿನ ತಟ್ಟೆ ಎತ್ತಲು ಅತ್ತೆಗೆ ಆಗದು. ಅವುಗಳ ಹೊಣೆ ಪೂರಾ ಚಿನ್ನಮ್ಮನದು. ಹಾಗಾಗಿ ಸಾಲು ಸಾಲು ತಟ್ಟೆಗೆ ‘ಚಿನ್ನಮ್ಮ’ ಎಂದು ನೇತುಹಾಕಿದಳು. ಕೆಳಗಿನ ಒಂದು ಸಾಲಿಗೆ ಅತ್ತೆಯ ಹೆಸರು. ಬಾಗಿಲ ಬಳಿಯ ಎರಡು ತಟ್ಟೆಗೆ, ಅವು ಅವನ ಕೈಗೆ ಆಗಾಗ ಸಿಕ್ಕುವುದರಿಂದ, ‘ಸೌಮ್ಯನ ಅಪ್ಪ’. ಅನ್ಯಾಯ ಮಾಡಬಾರದೆಂದು ಯೋಚಿಸಿ ಯೋಚಿಸಿ ಕಟ್ಟಿದ್ದಳು.

ಹುಳ ಕೊನೆಯ ಜ್ವರ ಎದ್ದಿದ್ದವು. ಪೊರೆ ಬಿಡುವುದಕ್ಕೆ ಮಲಗಿ ಏಳುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಎದ್ದ ಹುಳ ರಾಕ್ಷಸನಂತೆ ತಿನ್ನುತ್ತದೆ. ಸೊಪ್ಪು ಮೆಲ್ಲುವ ಸದ್ದು ಜಡಿಮಳೆಯಂತೆ ಕೇಳುತ್ತದೆ. ಆ ಹೊತ್ತಿನಲ್ಲಿ ಸೊಪ್ಪು ಒಣಗಿರಬೇಕು. ಗುರುವಾರ ಅಕಾಲದ ಮಳೆ ಬಂತು. ಅನಂತರಾಜು ಮಳೆ ನಿಲ್ಲುವುದನ್ನು ಕಾಯದೆ ಕೊಯ್ದು, ಒದ್ದೆ ಹೊರೆಯನ್ನು ಮೂಲೆಯಲ್ಲಿ ಹಾಗೇ ಕವುಚಿ, ಹರಟೆಗೆ ಹೋದ. ಸಂಜೆ ಚಿನ್ನಮ್ಮ ಬಂದಾಗ ಹೊರೆ ಒಳಗೊಳಗೇ ಬೆವೆತು ಬಿಸಿಯಾಗಿತ್ತು.

“ಈ ಸೊಪ್ಪು ಹಾಕಿದ್ರೆ ಹುಳ ಉಳೀತಾವಾ?” ಎಂದು ಕೇಳಿದಳು.

“ಒರೆಸ್ಕೊಂಡು ಹಾಕು. ಅದನ್ನೂ ನಾನೇ ಹೇಳ್ಕೊಡ್ಬೇಕಾ?”

ಇದ್ದಬದ್ದ ಸೀರೆಗಳನ್ನೆಲ್ಲ ಹಾಸಿ, ಎಲೆ ಎಲೆ ಬಿಡಿಸಿ ಒಣಹಾಕಿದಳು. ಆದರೆ ಮಧ್ಯಾಹ್ನದ ಮೇವನ್ನು ಅತ್ತೆ ಅದೇ ಹೊರೆಯಿಂದ ಹಾಕಿ ಆಗಿತ್ತು, ಎಟುಕದ ತಟ್ಟೆಗಳಿಗೂ ಮಗನನ್ನು ಕರೆದು ಹೊರೆಯ ಅಡಿಯ ಒದ್ದೆ ಸೊಪ್ಪನ್ನೇ ಹಾಕಿಸಿ ಆಗಿತ್ತು. ಶನಿವಾರದ ಹೊತ್ತಿಗೆ ಮೇಲಿನ ಸಾಲಿನ ಹುಳಗಳ ಮೈ ಊದಿಕೊಂಡು ಮಿರಮಿರ ಮಿಂಚಿತು. ಮುಟ್ಟಿದರೆ ಒಡೆದು ಹಾಲಿನಂಥ ನೀರು. ಹಾಲುರೋಗ. ಚಿನ್ನಮ್ಮ ಅಂದು ಕೆಲಸಕ್ಕೆ ಹೋಗದೆ, ಸತ್ತದ್ದನ್ನು ಆರಿಸಿ ಹೂಳಿ, ಬದುಕಿದ್ದಕ್ಕೆ ಸುಣ್ಣ ಎರಚುತ್ತ ದಿನ ಕಳೆದಳು. ಸರಿಯಾಗಿ ಅರ್ಧ ಬೆಳೆ ಹೋಯಿತು.

ಭಾನುವಾರ ದೇವರಾಜು ಬಂದ. ಹೆಲ್ಮೆಟ್ಟನ್ನು ಜಗುಲಿಯ ಮೇಲಿಟ್ಟು, ಕಾಫಿ ಕುಡಿದು, ಕೊಡದ ರಟ್ಟು, ಪಂಚೆಯ ರಟ್ಟು ಎಲ್ಲ ನೋಡಿ ಹೊಟ್ಟೆ ಕುಲುಕಿಸಿ ನಕ್ಕ. “ಏನ್ಲಾ ಅನಂತ, ನಿನ್ನ ಹೆಂಡ್ತಿ ಮನೇನೇ ಸೇಲಿಗಿಟ್ಟವ್ಳಲ್ಲೋ!” ನಗುತ್ತಲೇ ಹುಳದ ಮನೆಗೆ ಹೋದ. ಅಲ್ಲಿ ನಗು ನಿಂತಿತು.

ಅಟ್ಟಣೆಯ ಉದ್ದಕ್ಕೂ ನಡೆಯುತ್ತ, ಖಾಲಿಯಾದ ತಟ್ಟೆಗಳ ರಟ್ಟುಗಳನ್ನು ಒಂದೊಂದಾಗಿ ತಿರುಗಿಸಿ ಗಟ್ಟಿಯಾಗಿ ಓದಿದ. “ಚಿನ್ನಮ್ಮ. ಚಿನ್ನಮ್ಮ. ಇದೂ ಚಿನ್ನಮ್ಮ.” ಆಮೇಲೆ ಬಾಗಿಲ ಬಳಿಯ ತಟ್ಟೆ ನೋಡಿದ. “ಸೌಮ್ಯನ ಅಪ್ಪ. ಇವು ಚೆನ್ನಾಗವೆ ಕಣ್ಲಾ. ಸತ್ತಿರೋದೆಲ್ಲಾ ಇವಳ ಹೆಸರಿನ ತಟ್ಟೇಲೇ ಐತಲ್ಲೋ!”

ಅನಂತರಾಜುವಿನ ಮುಖ ಅರಳಿತು. ವಾರದಿಂದ ಹುಡುಕುತ್ತಿದ್ದ ಮಾತು ಅವನಿಗೆ ಸಿಕ್ಕಿತ್ತು. “ನಾನು ಹೇಳಿರ್ಲಿಲ್ವಾ ಅಣ್ಣ? ಕಂಪನೀಲಿ ಕಲೆ ತೆಗೆಯೋ ಔಷಧಿ ಮುಟ್ತಾಳೆ. ಅದೇ ಕೈಯಲ್ಲಿ ಬಂದು ಸೊಪ್ಪು ಹಾಕ್ತಾಳೆ.”

ಔಷಧಿ ಇದ್ದದ್ದು ನಿಜ, ಆದರೆ ಬೇರೆ ಟೇಬಲ್ಲಿನಲ್ಲಿ, ಚಿನ್ನಮ್ಮ ಮುಟ್ಟುತ್ತಿರಲಿಲ್ಲ. ಮುಟ್ಟಿರಲಿಲ್ಲವೇ? ಎಂದಾದರೂ ಮುಟ್ಟಿದ್ದೆನೇ? ಒಂದು ಗಳಿಗೆ ಅವಳಿಗೇ ಅನುಮಾನವಾಗಿ, ಕೈಯನ್ನು ಮೂಗಿನ ಹತ್ತಿರ ತಂದುಕೊಂಡಳು. ಅದನ್ನು ಎಲ್ಲರೂ ನೋಡಿದರು. ಹಾಗೆ ನೋಡಿದ್ದಕ್ಕೇ ಅವಳಿಗೆ ಕೋಪ ಉಕ್ಕಿತು.

“ಭಾವ, ಬದುಕಿರೋ ತಟ್ಟೆ ಮೇಲೂ ನನ್ನ ಹೆಸರೇ ಐತೆ. ಅದನ್ನೂ ಒಸಿ ಗಟ್ಟಿಯಾಗಿ ಓದಿ.”

“ಬದುಕಿರೋದು ದೇವರ ದಯೆ ಕಣವ್ವ.”

“ಸತ್ರೆ ನಾನು, ಬದುಕಿದ್ರೆ ದೇವ್ರಾ? ಇಡೀ ಮನೆ ತಟ್ಟೆ ನಾನು ನೋಡ್ಕೊಂಡ್ರೆ ಸಾಯೋದೂ ನನ್ನ ತಟ್ಟೇಲೇ ತಾನೆ? ಎರಡು ತಟ್ಟೆ ಮುಟ್ಟಿದೋರಿಗೆ ಎಲ್ಲಿಂದ ಸಾಯ್ತವೆ? ಸೊಪ್ಪು ಒದ್ದೆಯಿತ್ತು. ಮಳೇಲಿ ಕೊಯ್ದು ತಂದಿದ್ರು. ಕೇಳಿ ನಿಮ್ಮ ತಮ್ಮನ್ನೇ.”

ದೇವರಾಜು ತಮ್ಮನ ಕಡೆ ನೋಡಲಿಲ್ಲ. ಅಟ್ಟಣೆಯ ಕಡೆ ಕೈ ತೋರಿಸಿದ. “ಸೊಪ್ಪಿನ ವಿಚಾರ ಎಲ್ಲಿ ಬರ್ದೈತೆ? ನೀನೇ ಬರ್ಸಿರೋದು, ನೀನೇ ಕಟ್ಟಿರೋದು. ನಾನು ಓದ್ದೆ, ಅಷ್ಟೇ.”

ಸೊಪ್ಪಿಗೆ ಟ್ಯಾಗು ಕಟ್ಟಿರಲಿಲ್ಲ. ಬಾಡುವ ಸೊಪ್ಪಿಗೆ ಯಾರು ಕಟ್ಟುತ್ತಾರೆ? ಸೋರುವ ಮೆಷಿನ್ನಿಗೂ ಯಾರೂ ಕಟ್ಟಿರಲಿಲ್ಲ. ಯಾವುದಕ್ಕೆ ಚೀಟಿ ಇಲ್ಲವೋ ಅದು ನಡೆದೇ ಇಲ್ಲ. ಯಾರ ಹೆಸರು ನೇತಾಡುತ್ತಿದೆಯೋ ಅವರದೇ ತಪ್ಪು. ತನ್ನ ದುಡಿಮೆ ಕಾಣಲೆಂದು ಮಗಳ ದುಂಡಕ್ಷರದಲ್ಲಿ ಬರೆಸಿದ್ದು, ಓದುವವನ ಬಾಯಲ್ಲಿ ಬಾಣದ ಸ್ಟಿಕ್ಕರಾಗಿ ತನ್ನ ಕಡೆಗೇ ತಿರುಗಿತ್ತು.

“ಮುಟ್ಟಾಗಿದ್ಯಾ, ಕೇಳವ್ವ ಅವಳ್ನ,” ಎಂದು ಅನಂತರಾಜು ತಾಯಿಯ ಕಿವಿಯಲ್ಲಿ ಎಂಬಂತೆ ಹೇಳಿದ. ಎಲ್ಲರಿಗೂ ಕೇಳಿಸಿತು, ಬಾಗಿಲಲ್ಲಿ ನಿಂತಿದ್ದ ಸೌಮ್ಯಳಿಗೂ.

“ಇಲ್ಲ,” ಎಂದಳು ಚಿನ್ನಮ್ಮ ಅತ್ತೆ ಬಾಯಿ ತೆರೆಯುವ ಮೊದಲೇ. “ಇನ್ನೇನಾದ್ರೂ ಕೇಳೋದೈತಾ?”

ದೇವರಾಜು ಜಗುಲಿಗೆ ಬಂದು ಕೂತು ತೀರ್ಮಾನ ಹೇಳಿದ. ತಾನು ಕೆಟ್ಟವನಲ್ಲವೆಂದು ತೋರಿಸಿಕೊಳ್ಳುವುದರಲ್ಲಿ ಅವನಿಗೆ ಸುಖವಿತ್ತು. “ಕೆಲಸ ಬಿಡು ಅಂತ ನಾನು ಹೇಳಲ್ಲ. ಕಾಲ ಹಂಗಿಲ್ಲ. ಆದ್ರೆ ಮನೇಗೆ ಆದ ನಷ್ಟಕ್ಕೆ ಒಬ್ರು ತಲೆ ಕೊಡಬೇಕು. ಕೆಂಗಲ್ ಹನುಮಂತರಾಯನಿಗೆ ತಪ್ಪುಕಾಣಿಕೆ ಅಂತ ಒಂದು ಮುಡಿಪು ಕಟ್ಟು. ತಪ್ಪಾಯ್ತು ಅನ್ನು. ದೀಪ ಹಚ್ಚೋದ್ರೊಳಗೆ ಕಟ್ಟಿದ್ಯೋ, ನಾಳೆ ವ್ಯಾನು ಹತ್ತು, ಯಾರೂ ಅಡ್ಡ ಬರಲ್ಲ. ಕಟ್ಟಲಿಲ್ವೋ, ನಿನ್ನ ದಾರಿ ನೀನು ನೋಡ್ಕೊ.” ಜೇಬಿನಿಂದ ಒಂದು ನಾಣ್ಯ ತೆಗೆದು ಹೊಸಿಲ ಮೇಲಿಟ್ಟ. ಅಣ್ಣ ತಮ್ಮ ಇಬ್ಬರೂ ಟೀ ಅಂಗಡಿಯ ಕಡೆ ನಡೆದರು. ಹೋಗುವಾಗ ಅನಂತರಾಜು ಅಟ್ಟಣೆಯ ರಟ್ಟುಗಳನ್ನೆಲ್ಲ ಕಿತ್ತು ನೀರೊಲೆಗೆ ಹಾಕಿದ. ಅವನಿಗೆ ಬೇಕಾದದ್ದನ್ನು ಓದಿಯಾಗಿತ್ತು.

ದೊಡ್ಡಲಕ್ಷ್ಮಮ್ಮ ಬಿಳಿ ಬಟ್ಟೆಯ ಚೂರನ್ನು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡಿ ತಂದಳು. ಸೊಸೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ದನಿ ಇಳಿಸಿದಳು.

“ಒಂದು ಗಂಟು ಕಣವ್ವ, ಅಷ್ಟೇಯ. ಕಟ್ಬುಡು. ಮನೆ ತಣ್ಣಗಿರ್ತದೆ. ನಾನು ಎಷ್ಟು ಕಟ್ಟಿಲ್ಲ?”

ದೇವರ ಗೂಡಿನಿಂದ ಹಿತ್ತಾಳೆ ಚೊಂಬು ಇಳಿಸಿ ತೋರಿಸಿದಳು. ದೇವಸ್ಥಾನಕ್ಕೆ ಒಯ್ಯುವುದಾಗದೆ ಉಳಿದ ಮುಡಿಪುಗಳು. ಅರಿಶಿನ ಮಾಸಿ ಬಟ್ಟೆ ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಯಾವುದರ ಮೇಲೂ ಬರಹವಿಲ್ಲ. ಮುದುಕಿ ಬೆರಳಲ್ಲಿ ಒತ್ತಿ ಒತ್ತಿ ಗುರುತು ಹಿಡಿದಳು. “ಇದು ಎಮ್ಮೆ ಸತ್ತಾಗ. ನಾನು ಬೆಳಗ್ಗೆ ಎದ್ದು ಮೊಕ ತೊಳೀದೆ ಮುಟ್ಟಿದ್ನಂತೆ. ಇದು ನಿಮ್ಮಾವನ ಕಾಲು ಮುರಿದಾಗ. ಕುಡ್ದು ಬಿದ್ದಿದ್ದು, ನಾನು ಅಪಶಕುನದ ಮಾತು ಆಡಿದ್ಕೆ ಅಂದ್ರು. ಇದು ನಮ್ಮತ್ತೇದು. ಯಾಕೆ ಅಂತ ನಂಗೊತ್ತಿಲ್ಲ.”

“ಗಂಡಸ್ರದು ಯಾವುದು ಅತ್ತೆ?”

“ಗಂಡಸ್ರು ಕಟ್ತಾರೇನವ್ವಾ!” ದೊಡ್ಡಲಕ್ಷ್ಮಮ್ಮನಿಗೆ ನಗು ಬಂತು. ನಕ್ಕವಳು ಅಲ್ಲಿಗೇ ನಿಲ್ಲಿಸಿ ಚೊಂಬಿನೊಳಕ್ಕೆ ನೋಡಿದಳು. ಎದ್ದು, ಸೌಮ್ಯಳ ಕೈ ಹಿಡಿದುಕೊಂಡು ಪಕ್ಕದ ಮನೆಗೆ ಹೊರಟಳು. ಮುಡಿಪು ಕಟ್ಟುವಾಗ ಕಟ್ಟುವವಳು ಒಬ್ಬಳೇ ಇರಬೇಕು.

ಚಿನ್ನಮ್ಮ ಒಬ್ಬಳೇ ಉಳಿದಳು. ತೊಡೆಯ ಮೇಲೆ ಒದ್ದೆ ಬಟ್ಟೆ, ಅಂಗೈಯಲ್ಲಿ ನಾಣ್ಯ.

ಕಟ್ಟಿದರೆ ಏನು ಹೋಗುತ್ತದೆ? ಅವಳು ಪ್ರಾಮಾಣಿಕವಾಗಿಯೇ ಕೇಳಿಕೊಂಡಳು. ಗಂಟಿಗೆ ಬಾಯಿಲ್ಲ. ಒಳಗೊಳಗೇ ‘ಇದು ನನ್ನ ತಪ್ಪಲ್ಲ ಸ್ವಾಮಿ, ನಿನಗೇ ಗೊತ್ತು’ ಎಂದು ಹೇಳಿ ಕಟ್ಟಿದರೂ ಯಾರಿಗೆ ತಿಳಿದೀತು? ನಾಳೆ ಬೆಳಿಗ್ಗೆ ನಿರಾತಂಕವಾಗಿ ವ್ಯಾನು. ಟೇಬಲ್ಲು, ದೀಪ, ಫಿರೋಜಾಳ ಕುಚೋದ್ಯ. ಹೆಸರು ಕರೆದಾಗ ‘ಇದ್ದೀನಿ’ ಎನ್ನುವುದು. ಒಂದು ಗಂಟಿಗೆ ಇಷ್ಟೆಲ್ಲ ಬರುತ್ತದೆ ಎಂದರೆ ಅಗ್ಗವೇ. ಕಟ್ಟದಿದ್ದರೆ ನಾಳೆ ಬಾಗಿಲಲ್ಲಿ ಗಂಡ ನಿಲ್ಲುತ್ತಾನೋ, ಬುತ್ತಿ ಕಸಿಯುತ್ತಾನೋ, ಕೈ ಮಾಡುತ್ತಾನೋ ಹೇಳಲಾಗದು. ಇದುವರೆಗೆ ಕೈ ಮಾಡಿದವನಲ್ಲ. ಇದುವರೆಗೆ ಅವಳೂ ಇಲ್ಲವೆಂದವಳಲ್ಲ.

ಬಟ್ಟೆಯ ನಡುವೆ ನಾಣ್ಯ ಇಟ್ಟಳು. ತುದಿಗಳನ್ನು ಕೂಡಿಸಿ ಹಿಡಿದಳು. ಅರಿಶಿನ ಬೆರಳಿಗೆಲ್ಲ ಹತ್ತಿತು.

ಅತ್ತೆಯ ಅತ್ತೆಯ ಗಂಟು ಯಾವ ತಪ್ಪಿಗೆಂದು ಇಂದು ಯಾರಿಗೂ ಗೊತ್ತಿಲ್ಲ. ತಪ್ಪು ಮರೆತುಹೋಗಿದೆ, ತಪ್ಪು ಮಾಡಿದವಳು ಎನ್ನುವುದು ಮಾತ್ರ ಉಳಿದಿದೆ. ಇನ್ನಷ್ಟು ಕಾಲ ಕಳೆದರೆ ಇದೂ ಹಾಗೆಯೇ. ‘ಇದು ನಿಮ್ಮವ್ವಂದು’ ಎಂದು ಯಾರೋ ಸೌಮ್ಯಳಿಗೆ ತೋರಿಸುತ್ತಾರೆ. ಒದ್ದೆ ಸೊಪ್ಪಿನ ಮಾತು ಆಗಲೂ ಎಲ್ಲೂ ಇರುವುದಿಲ್ಲ. ಹಸು ಈಯುವಾಗ ಕರು ಸತ್ತರೆ, ಸೌಮ್ಯಳಿಗೆ ಪರೀಕ್ಷೆಯಲ್ಲಿ ಕೂತಲ್ಲೇ ಜ್ವರ ಬಂದರೆ, ಗಂಡ ಸೈಕಲ್ಲಿನಿಂದ ಬಿದ್ದರೆ, ಪ್ರತಿ ಸಲವೂ ಒಂದು ಅರಿಶಿನದ ಬಟ್ಟೆ ಸಿದ್ಧವಾಗಿರುತ್ತದೆ. ಕೆಲಸಕ್ಕೆ ಹೋಗಲು ಬಿಟ್ಟಿದ್ದೇ ಉಪಕಾರವೆಂದು ಪ್ರತಿ ಸಲವೂ ಕಟ್ಟಬೇಕು.

ಅವಳು ತುದಿಗಳನ್ನು ಬಿಟ್ಟಳು. ಬಟ್ಟೆ ತೊಡೆಯ ಮೇಲೆ ತಾನಾಗಿ ಬಿಚ್ಚಿಕೊಂಡಿತು.

ಎದ್ದು ಬಚ್ಚಲಿಗೆ ಹೋಗಿ, ಬಟ್ಟೆಗೆ ಸೋಪು ಹಚ್ಚಿ ಉಜ್ಜಿದಳು. ಅರಿಶಿನ ಪೂರಾ ಹೋಗಲಿಲ್ಲ. ಹಿಂಡಿ, ಕೊಡವಿ, ಅಂಗಳದ ತಂತಿಯ ಮೇಲೆ ಉಳಿದ ಬಟ್ಟೆಗಳ ನಡುವೆ ಅದನ್ನೂ ಒಣಹಾಕಿದಳು. ಜಗುಲಿಯ ಮೇಲೆ ದೇವರಾಜು ಬಿಟ್ಟುಹೋಗಿದ್ದ ಹೆಲ್ಮೆಟ್ಟು ಬಾಯಿ ಮೇಲಾಗಿ ಬಿದ್ದಿತ್ತು. ನಾಣ್ಯವನ್ನು ಅದರೊಳಗೆ ಹಾಕಿದಳು.

ದೀಪ ಹಚ್ಚುವ ಹೊತ್ತಾಗುತ್ತಿತ್ತು. ಬೀದಿಯ ಆ ತುದಿಯಲ್ಲಿ ಅಣ್ಣ ತಮ್ಮಂದಿರ ದನಿ, ದೇವರಾಜುವಿನ ದೊಡ್ಡ ನಗು ಕೇಳಿಸಿತು. ಬಟ್ಟೆ ಇನ್ನೂ ಒದ್ದೆಯಿತ್ತು. ಈಗಲೂ ಓಡಿಹೋಗಿ ತೆಗೆದು, ನಾಣ್ಯ ಸುತ್ತಿ, ಗಂಟು ಬಿಗಿಯಲು ಹೊತ್ತಿತ್ತು. ಚಿನ್ನಮ್ಮ ತಂತಿಯ ಕಡೆಗೆ ಹೋಗಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು, ಬಾಗಿಲಿಗೆ ಅಡ್ಡಲಾಗಿ ಹೊಸಿಲ ಮೇಲೆ ಕೂತಳು. ಕೇಳುವುದನ್ನು ಅವರು ಕೇಳಲಿ. ಕಟ್ಟಿಲ್ಲ, ನಾಳೆ ಹೋಗುತ್ತೇನೆ ಎಂದು ಅವಳು ಹೇಳುವವಳಿದ್ದಳು.